ಹಳೇ 32 ಸೀಟಿನ ಬಸ್ಸು ಮೋಟರ್‌ಹೋಮ್ ಆಗಬೇಕು: ರೂಫ್ ಎತ್ತಬಹುದಾ, ಪಿಲ್ಲರ್ ಕತ್ತರಿಸಬಹುದಾ?

ಕೆಂಪುಮಣ್ಣು_18 (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. 2014ರ ಮಾಡೆಲ್ ಸ್ಕೂಲ್ ಬಸ್ಸು, 32 ಸೀಟು, ಮುಂದೆ ಎಂಜಿನ್, ಕಬ್ಬಿಣದ ಬಾಡಿ. ನಾಲ್ಕು ಜನ ಮಲಗುವ ಹಾಗೆ ಮೋಟರ್‌ಹೋಮ್ (ಓಡುವ ಮನೆ) ಮಾಡಿಸಬೇಕು. ಗಾಡಿ ನನ್ನ ಹೆಸರಿಗೆ ಆಗಿದೆ. ಇನ್ನೂ ಒಂದು ಬೋಲ್ಟೂ ಬಿಚ್ಚಿಲ್ಲ, ಅದಕ್ಕೇ ಈಗ ಕೇಳುತ್ತಿದ್ದೇನೆ.

ಟೇಪ್ ಹಿಡಿದು ತೆಗೆದ ಅಳತೆ: ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ಅಂತರ) 4.2 ಮೀಟರ್. ಹಿಂದಿನ ಆಕ್ಸಲ್‌ನಿಂದ ಹಿಂಬದಿ ಬಂಪರ್‌ಗೆ 2.1 ಮೀಟರ್. ನೆಲದಿಂದ ರೂಫ್ ತುದಿಗೆ 2.85 ಮೀಟರ್. ಒಳಗೆ ನಡುದಾರಿಯಲ್ಲಿ ನಿಂತರೆ ಎತ್ತರ 1.84 ಮೀಟರ್. ಪಿಲ್ಲರ್‌ಗಳು (ಕಿಟಕಿಗಳ ನಡುವಿನ ಕಂಬಗಳು) 40×40 ಎಂಎಂ ಟ್ಯೂಬು, ಒಂದರಿಂದ ಇನ್ನೊಂದಕ್ಕೆ ಸುಮಾರು 80 ಸೆಂ.ಮೀ. ಕಿಟಕಿ ಎತ್ತರ 85 ಸೆಂ.ಮೀ. ಆರ್‌ಸಿಯಲ್ಲಿ ಒಟ್ಟು ತೂಕ 7,490 ಕೆಜಿ, ಖಾಲಿ ತೂಕ 4,700 ಕೆಜಿ.

ಮನಸ್ಸಿನಲ್ಲಿರುವುದು ಇಷ್ಟು. ರೂಫ್ ಒಂದು ಅಡಿ ಎತ್ತಬೇಕು, ನನ್ನ ಎತ್ತರ 5 ಅಡಿ 10 ಇಂಚು, ಇನ್ಸುಲೇಷನ್ ಹಾಕಿದ ಮೇಲೆ ತಲೆ ತಾಗುತ್ತೆ ಅನ್ನೋ ಯೋಚನೆ. ಬಲಗಡೆ ಹಿಂದೆ ಒಂದು ಪಿಲ್ಲರ್ ತೆಗೆದು ಐದಡಿ ಅಗಲದ ಒಂದೇ ಗಾಜು. ಉಳಿದ ಕಿಟಕಿಗಳಲ್ಲಿ ಐದನ್ನು ಮುಚ್ಚೋದು. ಹಿಂದಿನ ಎಮರ್ಜೆನ್ಸಿ ಬಾಗಿಲನ್ನು ಮುಚ್ಚಿ ಅಲ್ಲಿ ಅಡ್ಡಕ್ಕೆ ಮಂಚ. ಮಂಚದ ಕೆಳಗೆ 300 ಲೀಟರ್ ನೀರಿನ ಟ್ಯಾಂಕ್, ಬಂಪರ್ ಹಿಂದೆ ಸ್ಕೂಟರ್ ನಿಲ್ಲಿಸೋ ಸ್ಟ್ಯಾಂಡ್.

ಇದರಲ್ಲಿ ಯಾವುದು ಮಾಡಬಹುದು, ಯಾವುದು ಮಾಡಬಾರದು? ಶಿರಾಡಿ, ಚಾರ್ಮಾಡಿ ಘಾಟಿ ಕಡೆ ಓಡೋ ಗಾಡಿ. ದಯವಿಟ್ಟು ಅಳತೆ ಸಮೇತ ಹೇಳಿ.

---

ಆರ್‌ಸಿ_ಪುಸ್ತಕ (ಸಕಲೇಶಪುರ)

ಕಬ್ಬಿಣಕ್ಕೆ ಮೊದಲು ಕಾಗದ ಸರ್. ಮೋಟಾರು ವಾಹನ ಕಾಯ್ದೆ 1988ರ ಕಲಂ 52 ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿಯ ರಚನೆ ಬದಲಿಸುವ ಹಕ್ಕು ಮಾಲೀಕನಿಗೆ ಇಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಚಿತವಾಗಿ ಹೇಳಿತು. ರೂಫ್ ಎತ್ತಿದರೆ ಗಾಡಿಯ ಎತ್ತರ, ಸೀಟು ತೆಗೆದರೆ ಆಸನ ಸಂಖ್ಯೆ, ಒಳಗೆ ಮನೆ ಕಟ್ಟಿದರೆ ವಾಹನದ ವರ್ಗ, ಹಳದಿ ಅಳಿಸಿ ಬೇರೆ ಬಳಿದರೆ ಬಣ್ಣ, ನಾಲ್ಕೂ ಆರ್‌ಸಿ ಮೇಲೆ ಇರೋ ವಿಷಯಗಳೇ.

ಮೋಟರ್ ಕ್ಯಾರವಾನ್‌ಗೆ, ಅಂದರೆ ಮೋಟರ್‌ಹೋಮ್‌ಗೆ, ಬೇರೆಯದೇ ಮಾನದಂಡ ಇದೆ, ಎಐಎಸ್-124. ಬಸ್ ಬಾಡಿಗೆ ಎಐಎಸ್-052. ಬಾಡಿ ಕಟ್ಟೋರ ಹತ್ತಿರ ಮಾತಾಡುವಾಗ ಈ ಎರಡು ಸಂಖ್ಯೆ ಕೇಳಿ. ಗೊತ್ತಿಲ್ಲ ಅಂದರೆ ಕೆಲಸ ಅಲ್ಲಿ ಕೊಡಬೇಡಿ. ಮೇಲಿನಿಂದ, ಪಕ್ಕದಿಂದ, ಹಿಂದಿನಿಂದ ಅಳತೆ ಸಮೇತ ನಕ್ಷೆ ಬರೆಸಿ, ನಿಮ್ಮದು ಕೆಎ-18 ಆದ್ದರಿಂದ ಚಿಕ್ಕಮಗಳೂರು ಆರ್‌ಟಿಒ ಕಚೇರಿಗೆ ಅರ್ಜಿ ಜೊತೆ ಕೊಡಿ. ಒಪ್ಪಿಗೆ ಬರಹದಲ್ಲಿ ಕೈಗೆ ಬರುವವರೆಗೆ ಗ್ರೈಂಡರ್ ಆನ್ ಆಗಬಾರದು. ಬಾಯಿಮಾತಿನ "ಆಗುತ್ತೆ ಬಿಡಿ" ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ದಿನ ಕೈ ಹಿಡಿಯಲ್ಲ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಎಫ್‌ಸಿ ಪ್ರತಿ ವರ್ಷ ಇರುತ್ತೆ ಅನ್ನೋದು ನೆನಪಿರಲಿ. ವಿಮೆ ಕಂಪನಿಗೂ ಬರೆದು ತಿಳಿಸಿ. ಹೇಳದೆ ಮಾಡಿದ ಬದಲಾವಣೆ ಕ್ಲೇಮ್ ತಿರಸ್ಕರಿಸೋಕೆ ಸಾಕಾದ ಕಾರಣ.

ಸ್ಕೂಟರ್ ಸ್ಟ್ಯಾಂಡ್ ಬಗ್ಗೆ ಒಂದೇ ಮಾತು. ಹಿಂದಿನ ಓವರ್‌ಹ್ಯಾಂಗ್, ಅಂದರೆ ಹಿಂದಿನ ಆಕ್ಸಲ್‌ನಿಂದ ಆಚೆ ಚಾಚಿದ ಭಾಗ, ವೀಲ್‌ಬೇಸ್‌ನ ಶೇ. 60 ದಾಟುವ ಹಾಗಿಲ್ಲ. ನಿಮ್ಮ 4.2 ಮೀಟರ್‌ಗೆ ಅದು 2.52 ಮೀಟರ್. ಈಗಲೇ 2.1 ಇದೆ, ಉಳಿದದ್ದು 42 ಸೆಂ.ಮೀ. ಅಷ್ಟರೊಳಗೆ ಸ್ಕೂಟರ್ ಅಡ್ಡಕ್ಕೂ ಸರಿಯಾಗಿ ಕೂರಲ್ಲ.

ಇದೇ ಯೋಚನೆಯಲ್ಲಿ ಬೇರೆ ಯಾರಾದರೂ ಓದುತ್ತಿದ್ದರೆ: ಸರ್ಕಾರಿ ಸಾರಿಗೆ ನಿಗಮದ 15 ವರ್ಷ ದಾಟಿದ ಬಸ್ಸು ಅಗ್ಗಕ್ಕೆ ಸಿಗುತ್ತೆ ಅಂತ ಹೋಗಬೇಡಿ. 2023ರ ಏಪ್ರಿಲ್ 1ರಿಂದ ಅಂಥ ಗಾಡಿಗಳ ನೋಂದಣಿ ನವೀಕರಣವೇ ಇಲ್ಲ, ಅವು ಗುಜರಿಗೇ ಹೋಗಬೇಕು.

---

ಬಾಡಿಶೆಡ್_ಹಾಸನ

ಒಪ್ಪಿಗೆ ಸಿಕ್ಕಿತು ಅಂತಲೇ ಇಟ್ಕೊಂಡು ಕಬ್ಬಿಣದ ವಿಷಯ ಹೇಳ್ತೀನಿ.

ಬಸ್ಸಿನ ಬಲ ಶೀಟಿನಲ್ಲಿ ಇಲ್ಲ, ಉಂಗುರದಲ್ಲಿದೆ. ಕೆಳಗೆ ಒಂದು ಕ್ರಾಸ್ ಬೇರರ್ (ನೆಲ ಹೊರೋ ಅಡ್ಡ ತೊಲೆ), ಅದರ ಎರಡು ತುದಿಗೆ ಎರಡು ಪಿಲ್ಲರ್, ಮೇಲೆ ಒಂದು ರೂಫ್ ಸ್ಟಿಕ್ (ರೂಫ್ ಹೊರೋ ಅಡ್ಡ ಪಟ್ಟಿ). ನಾಲ್ಕೂ ಒಂದೇ ಗೆರೆಯಲ್ಲಿ ಸೇರಿದರೆ ಒಂದು ಉಂಗುರ ಆಯ್ತು. ನಿಮ್ಮ ಗಾಡಿಯಲ್ಲಿ ಇಂಥವು ಎಂಟೋ ಒಂಬತ್ತೋ ಇರುತ್ತವೆ. ಅವನ್ನು ಉದ್ದಕ್ಕೆ ಕಟ್ಟಿ ಹಿಡಿದಿರೋದು ಮೂರು ಪಟ್ಟಿ: ನೆಲದ ಮಟ್ಟದಲ್ಲಿ ಸೋಲ್ ಬಾರ್, ಕಿಟಕಿ ಕೆಳಗೆ ವೇಸ್ಟ್ ರೈಲ್, ಕಿಟಕಿ ಮೇಲೆ ಕ್ಯಾಂಟ್ ರೈಲ್. ಗಾಡಿ ಮಗುಚಿದಾಗ ಪಿಲ್ಲರ್ ಬಾಗೋದು ಎಲ್ಲೆಂದರಲ್ಲಿ ಅಲ್ಲ. ವೇಸ್ಟ್ ರೈಲ್‌ಗೆ ಸೇರೋ ಕಡೆ ಒಂದು, ಕ್ಯಾಂಟ್ ರೈಲ್‌ಗೆ ಸೇರೋ ಕಡೆ ಇನ್ನೊಂದು. ಈ ಎರಡು ಜಾಗದಲ್ಲಿ ಗ್ರೈಂಡರ್ ಮುಟ್ಟಬಾರದು, ಹೊಸ ಬೆಸುಗೆಯೂ ಬೀಳಬಾರದು. ಉಳಿದ ಎಲ್ಲಾ ಉತ್ತರ ಇದರಿಂದಲೇ ಹೊರಡುತ್ತೆ.

ಐದಡಿ ಗಾಜು: ಬೇಡ. ಒಂದು ಪಿಲ್ಲರ್ ತೆಗೆದರೆ ಒಂದು ಉಂಗುರ ಹೋಯ್ತು. ಅದರ ರೂಫ್ ಸ್ಟಿಕ್‌ನ ಬಲಗಡೆ ತುದಿ ಕ್ಯಾಂಟ್ ರೈಲ್ ಮೇಲೆ ನೇತಾಡುತ್ತೆ, ಕ್ಯಾಂಟ್ ರೈಲ್ 80 ಸೆಂ.ಮೀ. ಬದಲು 160 ಸೆಂ.ಮೀ. ದಾಟಬೇಕು. ಆರು ತಿಂಗಳಲ್ಲಿ ಗಾಜಿನ ಮೇಲಿನ ಮೂಲೆಯಿಂದ ಶೀಟಿನಲ್ಲಿ ಓರೆ ಬಿರುಕು ಕಾಣುತ್ತೆ, ಮಳೆ ಅಲ್ಲಿಂದ ಒಳಗೆ. ಅಕ್ಕಪಕ್ಕ ಎರಡು ಕಿಟಕಿ ಇಡಿ, ನಡುವಿನ ಪಿಲ್ಲರ್‌ಗೆ ಹೊರಗಿನಿಂದ ಕಪ್ಪು ಬಣ್ಣ ಕೊಡಿ. ದೂರದಿಂದ ನೋಡಿದರೆ ಒಂದೇ ಗಾಜಿನ ಹಾಗೆ ಕಾಣುತ್ತೆ, ಬಲವೂ ಹಾಗೇ ಉಳಿಯುತ್ತೆ. ಗಾಜು ಐಎಸ್ (ಭಾರತೀಯ ಮಾನದಂಡ) 2553 ಗುರುತಿನ ಸೇಫ್ಟಿ ಗ್ಲಾಸೇ ಆಗಿರಲಿ.

ಕಿಟಕಿ ಮುಚ್ಚೋದು: ಧಾರಾಳವಾಗಿ ಮಾಡಿ, ಸರಿಯಾಗಿ ಮುಚ್ಚಿದರೆ ಬಾಡಿ ಮೊದಲಿಗಿಂತ ಬಿಗಿ ಆಗುತ್ತೆ. ಅಲ್ಯೂಮಿನಿಯಂ ಚೌಕಟ್ಟು, ರಬ್ಬರ್, ಹಳೇ ಸಿಲಿಕಾನ್ ಪೂರ್ತಿ ತೆಗೆಯಿರಿ. ಕಿಂಡಿಯ ಸುತ್ತ 25×25×2 ಎಂಎಂ ಟ್ಯೂಬಿನ ಚೌಕ, ನಡುವೆ ಅಡ್ಡಕ್ಕೆ ಅದೇ ಟ್ಯೂಬು ಒಂದು. ಇದಿಲ್ಲದಿದ್ದರೆ ಶೀಟು ಓಡುವಾಗ ತಮಟೆ ಹೊಡೆದ ಹಾಗೆ ಬಡಿಯುತ್ತೆ. ಮೇಲೆ 1.2 ಎಂಎಂ ಜಿಐ (ಸತು ಲೇಪಿಸಿದ) ಶೀಟು. ಇಲ್ಲಿ ಎಲ್ಲರೂ ಮಾಡೋ ತಪ್ಪು ಎಂದರೆ ಸುತ್ತಲೂ ಒಂದೇ ಸಮನೆ ಬೆಸುಗೆ ಎಳೆಯೋದು. ಅಷ್ಟು ತೆಳು ಶೀಟು ಬಿಸಿಗೆ ಅಲೆ ಅಲೆ ಆಗುತ್ತೆ, ಆಮೇಲೆ ಪುಟ್ಟಿ ಮೆತ್ತಿ ಮುಚ್ಚಬೇಕು, ಪುಟ್ಟಿ ಎರಡು ಮಳೆಗಾಲಕ್ಕೆ ಉದುರುತ್ತೆ. 15–20 ಎಂಎಂ ಉದ್ದದ ಬೆಸುಗೆ, 75–100 ಎಂಎಂಗೆ ಒಂದು, ಒಂದು ಮೂಲೆ ಆದ ಮೇಲೆ ಎದುರು ಮೂಲೆ. ಇನ್ನೂ ಒಳ್ಳೇದು ಅಂದರೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಚ್ಚಿ ಸ್ಟ್ರಕ್ಚರಲ್ ರಿವೆಟ್ ಹೊಡೆಯೋದು. ಮೇಲಿನ ಶೀಟು ಕೆಳಗಿನ ಶೀಟಿನ ಮೇಲೆ 25 ಎಂಎಂ ಬರಬೇಕು, ಹೆಂಚು ಹೊದಿಸಿದ ಹಾಗೆ. ಉಲ್ಟಾ ಹಾಕಿದರೆ ಯಾವ ಸೀಲೆಂಟೂ ನೀರು ತಡೆಯಲ್ಲ.

ಕಿಟಕಿ ಕೆಳಗೆ ಒಳಗಡೆ ಉದ್ದಕ್ಕೂ ಇರೋ ಶೀಟನ್ನು ಬರೀ ಅಲಂಕಾರ ಅಂತ ಕಿತ್ತು ಹಾಕ್ತಾರೆ. ಅದು ಗೋಡೆ ಓರೆ ಆಗದ ಹಾಗೆ ಹಿಡಿಯೋ ಶೀಟು, ಉಳಿಸಿ. ಸೀಟಿನ ಕಾಲು ಗೋಡೆಗೆ ಕೂತಿದ್ದ ಉದ್ದ ಪಟ್ಟಿಯನ್ನೂ ಬಿಡಿ, ಮಂಚ ಮತ್ತು ಅಡುಗೆ ಕಟ್ಟೆಯ ಬೋಲ್ಟ್ ಅದಕ್ಕೇ ಕೊಡಬಹುದು. ಫ್ರಿಜ್ ಗಾಳಿ ಕಿಂಡಿ, ನೀರು ತುಂಬೋ ಮುಚ್ಚಳ ಇವೆಲ್ಲ ಆ ಶೀಟಿನ ಮಧ್ಯಕ್ಕೆ ಬರಲಿ, 150 ಎಂಎಂ ಮೀರದಿರಲಿ, ಸುತ್ತ 2 ಎಂಎಂ ಶೀಟಿನ ಬಳೆ ಬೆಸುಗೆ ಹಾಕಿ. ಮೂಲೆಗಳು ಗುಂಡಗಿರಲಿ. ಚೂಪು ಮೂಲೆ ಇದ್ದ ಕಡೆಯೇ ಬಿರುಕು ಹುಟ್ಟೋದು.

ಎಮರ್ಜೆನ್ಸಿ ಬಾಗಿಲು ಮುಚ್ಚಲೇಬೇಡಿ. ಮುಂದಿನ ಬಾಗಿಲ ಪಕ್ಕದಲ್ಲೇ ಎಂಜಿನ್ ಇದೆ, ಬೆಂಕಿ ಅಲ್ಲೇ ಹೊತ್ತಿದರೆ ಮಲಗಿರೋ ನಾಲ್ಕು ಜನ ಹೊರಗೆ ಬರೋದು ಎಲ್ಲಿಂದ? ಮಂಚವನ್ನು ಅಡ್ಡಕ್ಕೆ ಹಾಕದೆ ಎರಡು ಗೋಡೆಗೆ ಎರಡು ಉದ್ದ ಮಂಚ ಹಾಕಿ, ನಡುವೆ 50–55 ಸೆಂ.ಮೀ. ದಾರಿ ಬಾಗಿಲ ತನಕ ಹೋಗಲಿ. ಚಿಲಕ ಒಳಗಿನಿಂದಲೂ ಹೊರಗಿನಿಂದಲೂ ತೆಗೆಯೋ ಹಾಗೆ ಇರಲಿ.

ಈಗ ರೂಫ್. ನನ್ನ ಅಭಿಪ್ರಾಯ ನೇರವಾಗಿ: ನಿಮಗೆ ಬೇಕಾಗಿಲ್ಲ. 1.84 ಮೀಟರ್ ಇದೆ, ನಿಮ್ಮ ಎತ್ತರ 1.78. ರೂಫ್ ಇನ್ಸುಲೇಷನ್‌ಗೆ ಒಳಗಿನ ಎತ್ತರ ಹೆಚ್ಚೇನೂ ಹೋಗಲ್ಲ. ಹೊರ ಶೀಟಿಗೂ ಒಳ ಸೀಲಿಂಗ್‌ಗೂ ನಡುವೆ ರೂಫ್ ಸ್ಟಿಕ್‌ನಷ್ಟು, ಅಂದರೆ ಸುಮಾರು 40 ಎಂಎಂ ಟೊಳ್ಳು ಈಗಲೇ ಇದೆ, ಅದನ್ನೇ ತುಂಬಿ. ನೆಲದಲ್ಲಿ ಹಳೇ 12 ಎಂಎಂ ಪ್ಲೈ ತೆಗೆದು ಹೊಸ 12 ಎಂಎಂ ಹಾಕ್ತೀರಿ, ಲೆಕ್ಕ ಸಮ. ನೆಲಕ್ಕೂ ಇನ್ಸುಲೇಷನ್ ಬೇಕು ಅನ್ನಿಸಿದರೆ ನಡುದಾರಿ ಬಿಟ್ಟು ಮಂಚದ ಕೆಳಗೆ ಮಾತ್ರ ಹಾಕಿ.

ಎತ್ತಲೇಬೇಕು ಅನ್ನೋರಿಗೆ, ಹೇಗೆ ಅಂತ ಹೇಳಿಬಿಡ್ತೀನಿ, ಏಕೆಂದರೆ ತಪ್ಪಾಗಿ ಎತ್ತಿದ್ದು ಬಹಳ ಇವೆ. ಕಟ್ ಬರಬೇಕಾದ್ದು ಕಿಟಕಿ ಎತ್ತರದ ನಡುಭಾಗದಲ್ಲಿ, ಎರಡು ರೈಲ್‌ಗಳಿಂದಲೂ ದೂರ. ಪಿಲ್ಲರ್ ಪಕ್ಕಕ್ಕೆ ವಾಲುವಾಗ ಬಾಗುವ ಒತ್ತಡ ಅತಿ ಕಡಿಮೆ ಇರೋದು ಅಲ್ಲೇ. ಮೊದಲು ಸೀಟೆಲ್ಲ ತೆಗೆದು, ಗಾಡಿಯನ್ನು ಮಟ್ಟ ನೋಡಿ ನಿಲ್ಲಿಸಿ, ಒಳಗೆ ಓರೆ ಟ್ಯೂಬು ಕೊಟ್ಟು ರೂಫ್ ಮುಂದೆ ಹಿಂದೆ ಜಾರದ ಹಾಗೆ ಕಟ್ಟಬೇಕು. ಆರು ಕಡೆ ಸ್ಕ್ರೂ ಜಾಕ್. ಕತ್ತರಿಸಿದ ಮೇಲೆ ಪ್ರತಿ ಜಾಕ್ 20 ಎಂಎಂ ಏರಿಸಿ ಮುಂದಿನದಕ್ಕೆ ಹೋಗಬೇಕು, ಒಂದೇ ಕಡೆ ಏರಿಸಿದರೆ ಮುಂದಿನ ಗಾಜಿನ ಚೌಕಟ್ಟು ತಿರುಚಿಕೊಳ್ಳುತ್ತೆ. ನಡುವೆ ಸೇರಿಸೋ ತುಂಡು ಅದೇ ಗಾತ್ರದ, ಐಎಸ್ 4923 ಗುರುತಿನ ಟ್ಯೂಬು, ಗುಜರಿ ಪೈಪ್ ಅಲ್ಲ. ಒಳಗೆ ಬಿಗಿಯಾಗಿ ಕೂರೋ ಸ್ಲೀವ್ ಟ್ಯೂಬು ಪ್ರತಿ ಜಾಯಿಂಟ್‌ನ ಆಚೆ ಈಚೆ 150 ಎಂಎಂ ಹೋಗಬೇಕು. ಹೊರ ಟ್ಯೂಬಿನ ಎರಡು ಮುಖದಲ್ಲಿ 10 ಎಂಎಂ ತೂತು ತೆಗೆದು ಅದನ್ನು ಬೆಸುಗೆಯಿಂದ ತುಂಬೋ ಪ್ಲಗ್ ವೆಲ್ಡ್, ಜಾಯಿಂಟ್ ಸುತ್ತ ಪೂರ್ತಿ ಬೆಸುಗೆ. ಸ್ಲೀವ್ ಇಲ್ಲದೆ ತುದಿಗೆ ತುದಿ ಇಟ್ಟು ಬೆಸುಗೆ ಹಾಕಿ ಗ್ರೈಂಡ್ ಮಾಡಿದ್ದು ನೋಡೋಕೆ ಚೆಂದ ಇರುತ್ತೆ, ಆದರೆ 2 ಎಂಎಂ ಗೋಡೆಯಲ್ಲಿ ಗ್ರೈಂಡರ್ ಅರ್ಧ ಬೆಸುಗೆಯನ್ನೇ ತಿಂದಿರುತ್ತೆ.

ಇಷ್ಟು ಮಾಡಿದರೂ ಒಂದು ಸಂಗತಿ ಬದಲಾಗಲ್ಲ. ಕಿಟಕಿ ಪಿಲ್ಲರ್ 85 ಸೆಂ.ಮೀ. ಇದ್ದದ್ದು 115 ಆಗುತ್ತೆ. ಅದೇ ಪಕ್ಕದ ಒತ್ತಡಕ್ಕೆ ಬುಡದಲ್ಲಿ ಬಾಗೋ ಬಲ ಶೇ. 35ರಷ್ಟು ಹೆಚ್ಚು. ಟ್ಯೂಬು ಮಾತ್ರ ಹಳೇದೇ. ಅದಕ್ಕೇ ಬೇಡ ಅಂದಿದ್ದು.

---

ತೂಕದಲೆಕ್ಕ

ರೂಫ್ ಎತ್ತಿದರೆ ಗಾಡಿ ಪಲ್ಟಿ ಹೊಡೆಯುತ್ತೆ ಎನ್ನುವ ಮಾತು ಎಲ್ಲೆಡೆ ಕೇಳುತ್ತೇವೆ. ಲೆಕ್ಕ ಮಾಡಿ ನೋಡೋಣ. ಸಿದ್ಧವಾದ ಗಾಡಿ 6,000 ಕೆಜಿ ಎಂದಿರಲಿ. 300 ಕೆಜಿಯ ರೂಫ್ 30 ಸೆಂ.ಮೀ. ಮೇಲೆ ಹೋದರೆ ಗುರುತ್ವ ಕೇಂದ್ರ ಏರುವುದು 15 ಎಂಎಂ, ಹೊಸದಾಗಿ ಸೇರುವ ಶೀಟು, ಟ್ಯೂಬು ಹಿಡಿದರೆ ಸುಮಾರು 25 ಎಂಎಂ. ಈಗ ತಲೆ ಮೇಲಿನ ಕಪಾಟು ನೋಡಿ. ಗುರುತ್ವ ಕೇಂದ್ರಕ್ಕಿಂತ ಒಂದು ಮೀಟರ್ ಮೇಲೆ 150 ಕೆಜಿ ಸಾಮಾನು ಇಟ್ಟರೆ ಅದೂ 25 ಎಂಎಂ ಏರಿಸುತ್ತದೆ. ಅಂದರೆ ರೂಫ್ ಬೇಡ ಎಂದು ಬಿಟ್ಟವರು ಕಪಾಟಿನ ತುಂಬ ಅಕ್ಕಿ, ಪಾತ್ರೆ, ಡಬ್ಬಿ ತುಂಬಿದರೆ ಪರಿಣಾಮ ಅಷ್ಟೇ. ಮೇಲೆ ಹಾಸಿಗೆ, ಬಟ್ಟೆ ಮಾತ್ರ ಇರಲಿ. ಕಪಾಟಿಗೆ 12 ಎಂಎಂ ಪ್ಲೈ ಸಾಕು, 8×4 ಅಡಿಯ ಒಂದು ಹಾಳೆ ಸುಮಾರು 25 ಕೆಜಿ. 18 ಎಂಎಂ ಆದರೆ 37 ಕೆಜಿ. ಹದಿನಾಲ್ಕು ಹಾಳೆಗೆ ಆ ವ್ಯತ್ಯಾಸ 168 ಕೆಜಿ.

ಇದಕ್ಕಿಂತ ನನಗೆ ಭಯ ಹುಟ್ಟಿಸಿದ್ದು ಹಿಂದಿನ ಟ್ಯಾಂಕ್ ಮತ್ತು ಸ್ಕೂಟರ್. ಹಿಂದಿನ ಆಕ್ಸಲ್‌ನಿಂದ ಆಚೆ ಇಟ್ಟ ತೂಕ ತಕ್ಕಡಿಯ ಹಾಗೆ ಮುಂದಿನ ಚಕ್ರವನ್ನು ಎತ್ತುತ್ತದೆ. 300 ಕೆಜಿ ನೀರು ಆಕ್ಸಲ್‌ನಿಂದ 1.5 ಮೀಟರ್ ಹಿಂದೆ ಇದ್ದರೆ: 300 × 1.5 ÷ 4.2 = 107 ಕೆಜಿ ಮುಂದಿನ ಆಕ್ಸಲ್‌ನಿಂದ ಕಳೆಯುತ್ತದೆ, ಹಿಂದಿನದರ ಮೇಲೆ 407 ಕೆಜಿ ಬೀಳುತ್ತದೆ. 110 ಕೆಜಿ ಸ್ಕೂಟರ್ 2.5 ಮೀಟರ್ ಹಿಂದೆ ಇದ್ದರೆ ಮುಂದಿನಿಂದ ಇನ್ನೂ 65 ಕೆಜಿ ಕಡಿತ. ಒಟ್ಟು 170 ಕೆಜಿಗೂ ಹೆಚ್ಚು ಹಗುರವಾದ ಮುಂದಿನ ಚಕ್ರ ಇಟ್ಟುಕೊಂಡು, ಮಳೆಯಲ್ಲಿ ಘಾಟಿ ಶುರುವಾಗುವ ದೋಣಿಗಾಲಿನಿಂದ ಕೆಳಗೆ ಶಿರಾಡಿಯ ತಿರುವು ಇಳಿಯುವುದು. ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗಲು ನೋಡುತ್ತದೆ.

ಅದೇ ಟ್ಯಾಂಕನ್ನು ಎರಡು ಆಕ್ಸಲ್‌ಗಳ ನಡುವೆ, ಹಿಂದಿನದರಿಂದ 1.2 ಮೀಟರ್ ಮುಂದಕ್ಕೆ ಇಡಿ. ಮುಂದಿನದಕ್ಕೆ 86 ಕೆಜಿ ಸೇರುತ್ತದೆ, ಹಿಂದಿನದಕ್ಕೆ 214. ನೆಲದ ಕೆಳಗೆ ತೂಗಿ ಹಾಕಿದರೆ ಗುರುತ್ವ ಕೇಂದ್ರವೂ ಇಳಿಯುತ್ತದೆ. 300 ಲೀಟರ್ ಒಂದೇ ಟ್ಯಾಂಕ್ ಬೇಡ, ಎಡಕ್ಕೆ 150, ಬಲಕ್ಕೆ 150. ಒಳಗೆ ಅಡ್ಡ ತಡೆಗಳಿರಲಿ. ತಡೆ ಇಲ್ಲದ ಅರ್ಧ ತುಂಬಿದ ಟ್ಯಾಂಕಿನಲ್ಲಿ ಬ್ರೇಕ್ ಒತ್ತಿದಾಗ ನೀರು ಒಮ್ಮೆಗೇ ಮುಂದಕ್ಕೆ ಅಪ್ಪಳಿಸಿ ಬ್ರಾಕೆಟ್ ಸಡಿಲ ಮಾಡುತ್ತದೆ.

ಒಟ್ಟು ತೂಕದ ಬಗ್ಗೆ ಆತಂಕ ಇಲ್ಲ. 32 ಜನ, ಒಬ್ಬರಿಗೆ 68 ಕೆಜಿಯಂತೆ 2,176 ಕೆಜಿ ಹೊರಲು ಮಾಡಿದ ಗಾಡಿ. ಎರಡು ಜನ ಕೂರುವ ಸೀಟುಗಳು ಹದಿನಾರು, ತಲಾ 22 ಕೆಜಿ ಎಂದರೂ ತೆಗೆದರೆ 350 ಕೆಜಿ ಇಳಿಯುತ್ತದೆ. ನೀರು, ಜನ, ಸಾಮಾನು ಸೇರಿ 6,700 ಕೆಜಿ ಒಳಗೆ ಇರುವಂತೆ ಗುರಿ ಇಟ್ಟುಕೊಳ್ಳಿ. ಮೂರು ಬಾರಿ ವೇಬ್ರಿಡ್ಜ್‌ಗೆ ಒಯ್ಯಿರಿ: ಸೀಟು ತೆಗೆಯುವ ಮೊದಲು, ನೆಲ ಮತ್ತು ಗೋಡೆ ಮುಗಿದ ಮೇಲೆ, ಎಲ್ಲ ಮುಗಿದು ಟ್ಯಾಂಕ್ ತುಂಬಿದ ಮೇಲೆ. ಪ್ರತಿ ಸಲ ಮುಂದಿನ ಆಕ್ಸಲ್ ಮಾತ್ರ, ಇಡೀ ಗಾಡಿ, ಹಿಂದಿನ ಆಕ್ಸಲ್ ಮಾತ್ರ, ಹೀಗೆ ಮೂರು ಚೀಟಿ. ಅಡುಗೆ ಕಟ್ಟೆ, ಫ್ರಿಜ್, ಬ್ಯಾಟರಿ ಮೂರೂ ಒಂದೇ ಗೋಡೆಗೆ ಬಂದರೆ ಗಾಡಿ ಒಂದು ಮಗ್ಗುಲಿಗೆ ವಾಲಿ ನಿಲ್ಲುತ್ತದೆ, ಆ ಕಡೆಯ ಪಟ್ಟಾ (ಎಲೆ ಸ್ಪ್ರಿಂಗ್) ಬೇಗ ಸೋಲುತ್ತದೆ. ಕುಲುಕಾಟ ಜಾಸ್ತಿ ಎಂದು ಕೊನೆಯ ತೂಕಕ್ಕೆ ಮೊದಲೇ ಪಟ್ಟಾ ಎಲೆ ತೆಗೆಸಬೇಡಿ.

---

ಕೆಂಪುಮಣ್ಣು_18

ತುಂಬಾ ಉಪಕಾರ ಆಯ್ತು. ರೂಫ್ ಎತ್ತೋದು, ಐದಡಿ ಗಾಜು, ಸ್ಕೂಟರ್ ಸ್ಟ್ಯಾಂಡ್ ಮೂರೂ ಬಿಟ್ಟೆ. ಎಮರ್ಜೆನ್ಸಿ ಬಾಗಿಲು ಉಳಿಸಿ ಉದ್ದ ಮಂಚ ಹಾಕ್ತೀನಿ. ನಕ್ಷೆ ಬರೆಸೋಕೆ ಕೊಟ್ಟೆ.

ಇನ್ನೆರಡು ವಿಷಯ. ಟ್ಯಾಂಕ್ ತೂಗು ಹಾಕೋಕೆ ಚಾಸಿಗೆ (ಗಾಡಿಯ ಅಡಿ ಚೌಕಟ್ಟಿಗೆ) ತೂತು ಹಾಕಬಹುದಾ, ಬೆಸುಗೆ ಹಾಕಬಹುದಾ? ಮತ್ತೆ ಎಡಗಡೆ ಹಿಂದಿನ ಚಕ್ರದ ಮೇಲೆ, ಪಿಲ್ಲರ್ ಬುಡದಲ್ಲಿ ಪೇಂಟ್ ಹಪ್ಪಳದ ಹಾಗೆ ಉಬ್ಬಿದೆ. ಉಜ್ಜಿ ಪ್ರೈಮರ್ ಹೊಡೆದರೆ ಸಾಕಾ?

---

ಬಾಡಿಶೆಡ್_ಹಾಸನ

ಚಾಸಿಯ ಉದ್ದ ಚಾನೆಲ್‌ಗೆ ಬೆಸುಗೆ ಖಂಡಿತ ಬೇಡ. ಬಿಸಿ ತಾಗಿದ ಅಂಚಿನಲ್ಲಿ ಉಕ್ಕು ಗುಣ ಕಳ್ಕೊಳ್ಳುತ್ತೆ, ವರ್ಷಗಟ್ಟಲೆ ತಿರುಚಾಟ ತಿಂದು ಅಲ್ಲೇ ಬಿರಿಯುತ್ತೆ. ಚಾನೆಲ್‌ನ ಮೇಲಿನ ಕೆಳಗಿನ ಮಡಿಕೆಗೆ ತೂತೂ ಬೇಡ, ಎಳೆತ ಮತ್ತು ಒತ್ತಡ ಅತಿ ಹೆಚ್ಚು ಇರೋದು ಆ ಮಡಿಕೆಗಳಲ್ಲೇ. ನಿಂತಿರೋ ಭಾಗದಲ್ಲಿ ಕಂಪನಿಯವರೇ ಕೊಟ್ಟ ಖಾಲಿ ತೂತುಗಳು ಇರುತ್ತವೆ, ಮೊದಲು ಅವನ್ನು ಹುಡುಕಿ. ಹೊಸದು ಬೇಕೇ ಬೇಕು ಅಂದರೆ ಮಡಿಕೆಯಿಂದ ಕನಿಷ್ಠ 50 ಎಂಎಂ ದೂರ, ಡ್ರಿಲ್‌ನಲ್ಲೇ, ಗ್ಯಾಸ್ ಕಟರ್‌ನಲ್ಲಿ ಅಲ್ಲ. 8.8 ಗ್ರೇಡ್ (ಹೆಚ್ಚು ಬಲದ) ಬೋಲ್ಟ್, ನೈಲಾಕ್ (ಸುಲಭಕ್ಕೆ ಸಡಿಲವಾಗದ) ನಟ್ಟು.

ಆದರೆ ನಿಮ್ಮ ಟ್ಯಾಂಕ್‌ಗೆ ಚಾಸಿಯೇ ಬೇಡ. ಎರಡು ಕ್ರಾಸ್ ಬೇರರ್ ನಡುವೆ 40×40×3 ಆಂಗಲ್‌ನ ತೊಟ್ಟಿಲು ಮಾಡಿ, ಬೇರರ್‌ಗೇ ಬೋಲ್ಟ್ ಕೊಡಿ, ಟ್ಯಾಂಕ್ ಸುತ್ತ ರಬ್ಬರ್ ಪಟ್ಟಿ ಹಾಕಿ ಬೆಲ್ಟ್ ಕಟ್ಟಿ. ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಬಾಡಿಗೆ ಕೊಟ್ಟಿರೋ ಬ್ರಾಕೆಟ್ ಮಾತ್ರ ಎಂದೂ ಮಾಡಬೇಡಿ. ಗುಂಡಿಯಲ್ಲಿ ಚಾಸಿ ಒಂದು ಕಡೆ ತಿರುಚುತ್ತೆ, ಬಾಡಿ ಇನ್ನೊಂದು ಕಡೆ, ನಡುವಿನ ಬ್ರಾಕೆಟ್ ಹರಿಯುತ್ತೆ. ಬಾಡಿಯನ್ನು ಚಾಸಿಗೆ ಹಿಡಿದಿರೋ ಯು ಬೋಲ್ಟ್‌ಗಳನ್ನೂ ಈಗಲೇ ನೋಡಿ, ಅಡಿಯ ಪ್ಯಾಕಿಂಗ್ ಕೊಳೆತಿದ್ದರೆ ಹೊಸದು ಹಾಕಿ ಬಿಗಿ ಮಾಡಿ. ಸೈಲೆನ್ಸರ್ ಹತ್ತಿರ ಮರದ ಪ್ಯಾಕಿಂಗ್ ಬೇಡ, ಉಕ್ಕಿನದೇ ಇರಲಿ.

ಹಪ್ಪಳ ಎದ್ದ ಪಿಲ್ಲರ್: ಸ್ಕ್ರೂಡ್ರೈವರ್ ತುದಿ ಇಟ್ಟು ಒತ್ತಿ. ಒಳಗೆ ಹೋಗಿ ಕಂದು ಪುಡಿ ಸುರಿದರೆ ಟ್ಯೂಬು ಒಳಗಿನಿಂದ ಕೊಳೆತಿದೆ, ಹೊರಗೆ ಉಳಿದಿರೋದು ಬಿಸ್ಕತ್ತಿನಂಥ ಪದರ. ಪ್ರೈಮರ್ ಹೊಡೆಯೋದು ಆ ಕೊಳೆ ಮುಚ್ಚೋಕೆ ಮಾತ್ರ ಆಗುತ್ತೆ. ಹೊಳೆಯೋ ಲೋಹ ಸಿಗೋ ತನಕ, ಅದರಿಂದ ಇನ್ನೂ 50 ಎಂಎಂ ಮೇಲೆ ಕತ್ತರಿಸಿ ಸ್ಲೀವ್ ಹಾಕಿ ಹೊಸ ಬುಡ ಕೊಡಿ. ಒಂದು ಪಿಲ್ಲರ್ ಮುಗಿದ ಮೇಲೇ ಇನ್ನೊಂದು, ಅಕ್ಕಪಕ್ಕದ ಎರಡು ಒಟ್ಟಿಗೆ ಬೇಡ, ರೂಫ್ ಕೆಳಗೆ ಆಸರೆ ಇರಲಿ. ಕತ್ತರಿಸೋ ಮೊದಲು ಆ ಕಿಟಕಿ ಚೌಕದ ಎರಡು ಕರ್ಣ ಅಳೆದು ಗೋಡೆ ಮೇಲೆ ಬರೆದಿಡಿ. ಆಮೇಲೆ 3 ಎಂಎಂಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಬಾಡಿ ಜರುಗಿದೆ ಅಂತ ಅರ್ಥ. ಚಕ್ರದ ಕಮಾನು, ಬಾಗಿಲ ಮೆಟ್ಟಿಲಿನ ಗುಂಡಿ, ಬ್ಯಾಟರಿ ಪೆಟ್ಟಿಗೆ ಮೇಲಿನ ನೆಲ, ಹಿಂದಿನ ಎರಡು ಮೂಲೆ, ಎಲ್ಲಾ ಕಡೆ ಹೀಗೇ ಚುಚ್ಚಿ ನೋಡಿ. ಹೊಸ ಬುಡದ ಕೆಳತುದಿಯಲ್ಲಿ 8 ಎಂಎಂ ತೂತು ಬಿಡಿ, ಒಳಗೆ ಬಂದ ನೀರು ಹೊರಗೆ ಹೋಗಬೇಕಲ್ಲ.

ಬೆಸುಗೆ ದಿನ ಬ್ಯಾಟರಿ ವೈರ್ ಬಿಚ್ಚಿ, ಆಲ್ಟರ್ನೇಟರ್ ವೈರ್ ಬಿಚ್ಚಿ, ಎಂಜಿನ್‌ಗೆ ಇಸಿಯು (ಎಲೆಕ್ಟ್ರಾನಿಕ್ ಕಂಟ್ರೋಲ್ ಪೆಟ್ಟಿಗೆ) ಇದ್ದರೆ ಅದರ ಕಪ್ಲರ್ ತೆಗೆಯಿರಿ. ಅರ್ತ್ ಕ್ಲ್ಯಾಂಪ್ ಬೆಸುಗೆಯಿಂದ ಒಂದು ಅಡಿ ಒಳಗೆ, ಅದೇ ತುಂಡಿಗೆ. ಅರ್ತ್ ಬಂಪರ್‌ಗೆ ಕೊಟ್ಟು ಮುಂದೆ ಬೆಸುಗೆ ಹಾಕಿದರೆ ಕರೆಂಟು ಬೇರಿಂಗ್, ವೈರಿಂಗ್ ಮೂಲಕ ದಾರಿ ಹುಡುಕಬಹುದು. ಬ್ರೇಕಿನ ನೈಲಾನ್ ಪೈಪು, ಡೀಸೆಲ್ ಪೈಪಿನ ಮೇಲೆ ಒದ್ದೆ ಗೋಣಿಚೀಲ ಹಾಕಿ. ಜಿಐ ಶೀಟು ಇದ್ದ ಕಡೆ ಬೆಸುಗೆ ಬೀಳೋ ಜಾಗದ ಸತು ಉಜ್ಜಿ ತೆಗೆಯಿರಿ, ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಬರುತ್ತೆ. ಮುಗಿದ ಮೇಲೆ ಆ ಜಾಗಕ್ಕೆ ಜಿಂಕ್ ಸ್ಪ್ರೇ, ಆಮೇಲೆ ಪ್ರೈಮರ್.

---

ಹೇಮಾವತಿ_ದಡ (ಮೂಡಿಗೆರೆ)

ಇನ್ಸುಲೇಷನ್ ಬಗ್ಗೆ ಇಷ್ಟು ಸೇರಿಸ್ತೀನಿ, ನಮ್ಮ ಕಡೆಯ ಮಳೆಗೆ ಇದು ಬಲಕ್ಕಿಂತ ಕಡಿಮೆ ವಿಷಯ ಅಲ್ಲ. ಗ್ಲಾಸ್ ವೂಲ್ ಹಾಕಬೇಡಿ. ಓಡುವ ಗಾಡಿಯ ಅದುರಿಗೆ ಅದು ಕುಸಿದು ಗೋಡೆಯ ಬುಡಕ್ಕೆ ಸೇರುತ್ತೆ, ತೇವ ಹೀರಿ ಪಿಲ್ಲರ್ ಬುಡವನ್ನೇ ಕೊಳೆಸುತ್ತೆ. ನೀರು ಕುಡಿಯದ ಎಕ್ಸ್‌ಪಿಎಸ್ (ಗಟ್ಟಿ ಫೋಮ್) ಹಲಗೆ ಅಥವಾ ಅಂಟಿಸುವ ನೈಟ್ರೈಲ್ ರಬ್ಬರ್ ಹಾಳೆ, ಹೊರ ಶೀಟಿಗೆ ಪೂರ್ತಿ ಅಂಟಿಕೊಂಡು ನಡುವೆ ಗಾಳಿ ಉಳಿಯದ ಹಾಗೆ. ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಉಸಿರಿನಿಂದಲೇ ಅರ್ಧ ಲೀಟರ್‌ಗೆ ಹತ್ತಿರ ನೀರು ಗಾಳಿಗೆ ಸೇರುತ್ತೆ. ಅದು ತಣ್ಣಗಿರುವ ಕಬ್ಬಿಣ ಹುಡುಕಿ ಹನಿ ಕಟ್ಟುತ್ತೆ. ಪಿಲ್ಲರ್, ರೂಫ್ ಸ್ಟಿಕ್‌ಗಳ ಮುಖ ಬರಿದೇ ಬಿಟ್ಟರೆ ಸೀಲಿಂಗ್ ಮೇಲೆ ಪಕ್ಕೆಲುಬಿನ ಹಾಗೆ ಬೂಷ್ಟಿನ ಗೆರೆ ಮೂಡುವುದು ಇದಕ್ಕೇ. ಅವುಗಳ ಒಳಮುಖಕ್ಕೂ 6 ಎಂಎಂ ರಬ್ಬರ್ ಹಾಳೆ ಅಂಟಿಸಿ ಆಮೇಲೆ ಪ್ಲೈ ಹಾಕಿ. ನೆಲದ ಪ್ಲೈ ಐಎಸ್ 710 ಗುರುತಿನದು, ಕತ್ತರಿಸಿದ ಅಂಚಿಗೆಲ್ಲ ಎಪಾಕ್ಸಿ ಅಥವಾ ಪೇಂಟ್, ಜೋಡಣೆ ಬೇರರ್ ಮೇಲೇ ಬರಲಿ. ಗೇರ್‌ಬಾಕ್ಸ್ ಮೇಲಿನ ಮುಚ್ಚಳ, ಡೀಸೆಲ್ ಮಟ್ಟ ತೋರಿಸುವ ಫ್ಲೋಟ್‌ನ ಮುಚ್ಚಳ ಹೊಸ ನೆಲದ ಕೆಳಗೆ ಹೂತು ಹೋಗದ ಹಾಗೆ ಕಿಂಡಿ ಬಿಡಿ.

ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸಿಲಿಂಡರ್‌ಗೆ ಒಳಗಿನಿಂದ ಪೂರ್ತಿ ಮುಚ್ಚಿದ, ಹೊರಗಿನಿಂದ ಬಾಗಿಲಿರುವ ಪೆಟ್ಟಿಗೆ ಮಾಡಿ, ಅದರ ತಳದಲ್ಲೇ ಹೊರಕ್ಕೆ ಕಿಂಡಿ ಬಿಡಿ.

---

ಕೆಂಪುಮಣ್ಣು_18

ಕೊನೇದು. ರೂಫ್ ಮೇಲೆ 540 ವ್ಯಾಟ್‌ನ ಮೂರು ಸೋಲಾರ್ ಪ್ಯಾನೆಲ್, ಒಂದು 40×40 ಸೆಂ.ಮೀ. ಗಾಳಿ ಕಿಂಡಿ. ರೂಫ್ ಸ್ಟಿಕ್ ಅಡ್ಡ ಬಂದರೆ?

---

ಬಾಡಿಶೆಡ್_ಹಾಸನ

ಕಿಂಡಿಯನ್ನೇ ಸರಿಸಿ, ಸ್ಟಿಕ್ ಮುಟ್ಟಬೇಡಿ. ಎರಡು ಸ್ಟಿಕ್ ನಡುವೆ 40 ಸೆಂ.ಮೀ. ಸುಲಭವಾಗಿ ಸಿಗುತ್ತೆ. ಕಿಂಡಿ ಸುತ್ತ 25×25 ಟ್ಯೂಬಿನ ಚೌಕ ಮಾಡಿ ಎರಡೂ ಸ್ಟಿಕ್‌ಗೆ ಸೇರಿಸಿ. ಚೌಕಟ್ಟು ಶೀಟಿಗಿಂತ 20 ಎಂಎಂ ಎತ್ತರ ನಿಲ್ಲಲಿ, ನೀರು ನಿಂತರೂ ಒಳಗೆ ಬರಬಾರದು.

ಪ್ಯಾನೆಲ್ ಒಂದೊಂದು 27–28 ಕೆಜಿ, ಮೂರಕ್ಕೆ 84. ತೂಕ ದೊಡ್ಡದಲ್ಲ, ಓಡುವಾಗ ಗಾಳಿ ಕೆಳಗೆ ಹೊಕ್ಕು ಎತ್ತೋದು ದೊಡ್ಡದು. ಉದ್ದಕ್ಕೆ ಎರಡು ಅಲ್ಯೂಮಿನಿಯಂ ರೈಲ್ ಹಾಕಿ, ಬೋಲ್ಟ್ ರೂಫ್ ಸ್ಟಿಕ್‌ಗೇ ಹೋಗಲಿ, ಬರೀ ಶೀಟಿಗೆ ಹಾಕಿದ ಸ್ಕ್ರೂ ತೂತು ದೊಡ್ಡದು ಮಾಡ್ಕೊಂಡು ಕಿತ್ತು ಬರುತ್ತೆ. ಅಲ್ಯೂಮಿನಿಯಂ ಕಬ್ಬಿಣಕ್ಕೆ ನೇರ ತಾಗದ ಹಾಗೆ ನಡುವೆ ರಬ್ಬರ್ ಇಡಿ, ಇಲ್ಲದಿದ್ದರೆ ಮಳೆಗಾಲ ಕಳೆಯೋ ಹೊತ್ತಿಗೆ ಬಿಳಿ ಪುಡಿ ಏಳುತ್ತೆ. ಮುಗಿದ ಮೇಲೆ ಎತ್ತರ ಮತ್ತೆ ಅಳೆದು ಡ್ರೈವರ್ ಕಣ್ಣಿಗೆ ಬೀಳೋ ಕಡೆ ಬರೆದಿಡಿ, ತೋಟದ ದಾರಿಯ ಸಿಲ್ವರ್ ಓಕ್ ಕೊಂಬೆಗೆ ಅದೇ ಬೇಕಾಗೋದು.

ಹೊರ ಶೀಟಿನ ಕೆಲಸ ಆರಿದ್ರಾ ಮಳೆ ಹಿಡಿಯೋ ಮೊದಲೇ ಮುಗಿಸಿ. ಒಳಗಿನ ಪ್ಲೈ ಹೊಡೆಯೋಕೆ ಮುಂಚೆ ಪೈಪ್ ಹಿಡಿದು ನೀರು ಬಿಡಿ. ಮೊದಲು ಸ್ಕರ್ಟ್ (ಬಾಡಿಯ ಕೆಳಭಾಗ) ಹತ್ತಿರ ಹತ್ತು ನಿಮಿಷ, ಆಮೇಲೆ ಕಿಟಕಿ ಸಾಲು ಹತ್ತು ನಿಮಿಷ, ಕೊನೆಗೆ ರೂಫ್. ಒಬ್ಬರು ಟಾರ್ಚ್ ಹಿಡಿದು ಒಳಗೆ ಇರಲಿ. ಮೇಲಿನಿಂದ ಶುರು ಮಾಡಿದರೆ ಎಲ್ಲಾ ಕಡೆ ಒದ್ದೆ ಆಗಿ ಸೋರೋ ಜಾಗ ಯಾವುದು ಅಂತ ತಿಳಿಯಲ್ಲ. ಸೋರಿದ ಕಡೆ ಚಾಕ್‌ನಲ್ಲಿ ಗುರುತು ಹಾಕಿ, ಒಣಗಿದ ಮೇಲೆ ಹೊರಗಿನಿಂದ ಸೀಲ್ ಮಾಡಿ, ಮತ್ತೆ ನೀರು ಬಿಡಿ.